ನೆಟ್ಟಗಕ್ಕ ಜಪ್ತಿ ಮಾಡಿದ ಟವೆಲ್

ಹೆರಿಗೆ ವಾರ್ಡಿನ ಆ ನರ್ಸಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ದಿನಕ್ಕೆ ನೂರು ಸಲ "ನೆಟ್ಟಗೆ ಹಿಡಿಯಮ್ಮಾ, ನೆಟ್ಟಗೆ!" ಎಂದು ಕೂಗಿ ಕೂಗಿ ನೆಟ್ಟಗಕ್ಕ ಆಗಿಬಿಟ್ಟಿದ್ದಳು. ತುಟಿ, ಅಂಗುಳ ಸೀಳಿಕೊಂಡು ಹುಟ್ಟಿದ ಕೂಸುಗಳಿಗೆ ಹಾಲು ಕುಡಿಸುವುದನ್ನು ಕಲಿಸುವುದು ಅವಳ ಕೆಲಸ. ಅಂಥ ಕೂಸಿಗೆ ಹಾಲು ಹೀರಿಕೊಳ್ಳಲು ಆಗದು. ಕೂರಿಸಿದ ಹಾಗೆ ಹಿಡಿದು, ಅದು ಬಾಯಾಡಿಸಿದಾಗ ಮೆತ್ತನೆಯ ಬಾಟಲಿ ಒತ್ತಬೇಕು, ನಿಲ್ಲಿಸಿದಾಗ ಬಿಡಬೇಕು. ಇಷ್ಟೇ! ಇಷ್ಟನ್ನು ಹದಿನೆಂಟು ವರ್ಷ ಹೇಳಿ ಅವಳ ಗಂಟಲು ಹರಿದುಹೋಗಿತ್ತು.

ಕಿಟಕಿ ಪಕ್ಕದ ಬಾಣಂತಿಯಂತೂ ಅವಳ ತಲೆ ತಿಂದುಬಿಟ್ಟಳು. ನೆಟ್ಟಗಕ್ಕ ಎದುರಿಗೆ ನಿಂತರೆ ಅಚ್ಚುಕಟ್ಟಾಗಿ ಕುಡಿಸುತ್ತಾಳೆ. ತಕ್ಕಡಿಗೆ ಹಾಕಿದರೆ ಕೂಸಿನ ತೂಕ ಮಾತ್ರ ದಿನದಿನಕ್ಕೂ ಇಳಿಯುತ್ತಿದೆ. ನಾಳೆ ಬೆಳಿಗ್ಗೆಯೂ ಏರದಿದ್ದರೆ ಮೂಗಿಗೆ ನಳಿಗೆ ಹಾಕಿ ಹಾಲು ಬಿಡುವುದೇ ಎಂದು ಡಾಕ್ಟರು ಹೇಳಿಹೋದರು.

"ನಾನು ಆ ಕಡೆ ಹೋದ್ಮೇಲೆ ಹಾಲನ್ನ ನೀನೇ ಕುಡೀತೀಯೇನಮ್ಮಾ?" ಎಂದು ನೆಟ್ಟಗಕ್ಕ ಸಿಡುಕಿದಳು.

ಬಾಣಂತಿಯ ಅತ್ತೆ, "ನಮ್ ಮನೇಲಿ ಯಾರಿಗೂ ಹೀಗಿರ್ಲಿಲ್ಲಪ್ಪ" ಎಂದು ಇಪ್ಪತ್ತನೇ ಸಲ ರಾಗ ಎಳೆದರು.

"ಅದನ್ನ ಕೂಸಿಗೆ ಹೇಳಿ, ಹೊಟ್ಟೆ ತುಂಬುತ್ತೆ!"

ಸಂಜೆ ಮನೆಗೆ ಹೊರಟ ನೆಟ್ಟಗಕ್ಕ ಮರೆತ ಕನ್ನಡಕಕ್ಕೆಂದು ತಿರುಗಿ ಬಂದಳು. ಮಂಚದ ಸುತ್ತ ನೆಂಟರು. ಬಾಣಂತಿ ಕೂಸನ್ನು ಅಂಗಾತ ಮಲಗಿಸಿ, ಮುಖಕ್ಕೆ ಟವೆಲ್ ಹೊದಿಸಿ, ಅದರಡಿ ಕೈ ತೂರಿಸಿ ಅಂದಾಜಿನಲ್ಲಿ ಬಾಟಲಿ ಒತ್ತುತ್ತಿದ್ದಳು. ಒಳಗೆ ಕೂಸು ಕೆಮ್ಮುತ್ತಿತ್ತು. ಅರ್ಧ ಹಾಲು ಬಟ್ಟೆಯ ಪಾಲು.

"ಅಯ್ಯೋ ನಿನ್ನ!" ನೆಟ್ಟಗಕ್ಕ ಟವೆಲ್ ಕಿತ್ತು, ಕೂಸನ್ನೆತ್ತಿ ಬೆನ್ನು ತಟ್ಟಿದಳು. ನೆಂಟರನ್ನೆಲ್ಲ ಹೊರಗಟ್ಟಿದಳು. "ಬಾಯಿ ಕಾಣದೆ ಹೇಗೆ ಕುಡಿಸ್ತೀಯ?"

"ಮುಖ ಕಂಡ್ರೆ ಎಲ್ಲಾರೂ ಕೇಳ್ತಾರಕ್ಕ. ನಾನೇನ್ ಹೇಳ್ಲಿ?" ಬಾಣಂತಿ ಬಿಕ್ಕಿ ಬಿಕ್ಕಿ ಅತ್ತಳು.

ನಾಲಿಗೆ ತುದಿಗೆ ಬಂದ ಬೈಗುಳವನ್ನು ನೆಟ್ಟಗಕ್ಕ ನುಂಗಿಕೊಂಡಳು. "ಅವರಿಗೆ ಬಾಯಿದೆ, ಕೇಳ್ತಾರೆ. ಇದಕ್ಕೆ ಹೊಟ್ಟೆ ಇದೆ. ಯಾರ ಕಡೆ ನೋಡ್ಬೇಕೋ ನೀನೇ ಯೋಚ್ನೆ ಮಾಡು." ಟವೆಲನ್ನು ತನ್ನ ಚೀಲಕ್ಕೆ ತುರುಕಿಕೊಂಡು ಹೋದಳು. ಕನ್ನಡಕ ಅಲ್ಲೇ ಉಳಿಯಿತು.

ಬೆಳಿಗ್ಗೆ ತೂಕ ನಲವತ್ತು ಗ್ರಾಂ ಏರಿತ್ತು. ನೆಟ್ಟಗಕ್ಕ ತಕ್ಕಡಿಯನ್ನೇ ಅನುಮಾನಿಸಿ ಎರಡು ಸಲ ತೂಗಿದಳು. ನಳಿಗೆ ಬೇಡ ಎಂದರು ಡಾಕ್ಟರು.

ಅಷ್ಟರಲ್ಲಿ ಪಕ್ಕದ ಮಂಚದವರ ಅಜ್ಜಿ ಇಣುಕಿತು. "ಅಯ್ಯಯ್ಯೋ, ಬಾಯಿಗೇನಾಯ್ತಮ್ಮಾ?"

ಬಾಣಂತಿ ಕೂಸಿನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಹುಟ್ತಾನೇ ಹೀಗೆ, ಹೊಲಿಸ್ತೀವಿ. ಈಗ ಸುಮ್ನಿರಿ, ಮಗು ಹಾಲು ಕುಡೀತಿದೆ."

ನೆಟ್ಟಗಕ್ಕ ಅಭ್ಯಾಸಬಲದಿಂದ ಬಾಯಿ ತೆರೆದಳು. ಕೂಸು ನೆಟ್ಟಗೇ ಇತ್ತು.