ಅಮ್ಮನ ಮಿಷನ್ನು, ಅತ್ತಿಗೆಯ ಆಂಟೆನಾ

ನಮ್ಮತ್ತಿಗೆಗೆ ನಾನಿಟ್ಟ ಹೆಸರು ತಂತಿಯಮ್ಮ. ಊರಾಚೆಯ ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬಾಹ್ಯಾಕಾಶದಿಂದ ಬಂದ ಒಂದೇ ಒಂದು ಕಣ ಮೇಲಿನ ಗಾಳಿಗೆ ಬಡಿದು ಕೋಟಿಗಟ್ಟಲೆ ಕಣಗಳಾಗಿ ಸುರಿಯುತ್ತದಂತೆ. ಆಗ ಹೊಮ್ಮುವ ರೇಡಿಯೊ ಮಿಡಿತವನ್ನು ಈ ಆಂಟೆನಾಗಳು ಹಿಡಿಯುತ್ತವೆ.

"ಮಳೆ ಬಂದ್ರೆ ಒಣಗಿದ ಬಟ್ಟೆ ತೆಗೆಯೋಕೆ ನೆನಪಿರಲ್ಲ, ಕಾಣದೇ ಇರೋ ಮಳೆ ಹಿಡೀತಾಳಂತೆ!" ಎನ್ನುವುದು ನಮ್ಮಮ್ಮನ ವರಾತ. ಅಮ್ಮನ ಮಾತು ಖಾರ, ಹೊಲಿಗೆ ಮಾತ್ರ ನಯ. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದ್ದೇ ಅವಳ ಹೊಲಿಗೆ ಮಿಷನ್ನು. ಅಮ್ಮನ ಬಲಭುಜ ಹಿಡಿದುಕೊಂಡು ಅದರ ಹಿಡಿಕೆ ತಿರುಗಿಸಲಾಗದೆ ಹೋದಾಗ ಅಣ್ಣ ಹಳೆಯದೊಂದು ಮೋಟಾರು ಕೂರಿಸಿಕೊಟ್ಟ. ಅಮ್ಮನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲೇ ಆಂಟೆನಾಗಳಲ್ಲಿ ಹಗಲೆಲ್ಲ ಚಟಪಟ ಗದ್ದಲ ಶುರುವಾಯಿತು. ಆಕಾಶದ ಮಿಡಿತವೇ ಅದರಡಿ ಮುಚ್ಚಿಹೋಗುತ್ತಿತ್ತು. ಎಲ್ಲೋ ವಿದ್ಯುತ್ ಕಿಡಿ ಹಾರುತ್ತಿದೆ ಎಂದು ಅತ್ತಿಗೆ ಪುಟ್ಟ ಆಂಟೆನಾವೊಂದನ್ನು ಕೈಯಲ್ಲಿ ಹಿಡಿದು ಜಾಡು ಹುಡುಕುತ್ತ ಹೊರಟಳು. ಬಯಲು ದಾಟಿ, ವೆಲ್ಡಿಂಗ್ ಅಂಗಡಿ ದಾಟಿ, ನಮ್ಮ ಬೀದಿಗೇ ಬಂದು, ನಮ್ಮ ನಡುಮನೆಯಲ್ಲಿ ಬಂದು ನಿಂತಳು. ಅಮ್ಮ ಮೋಟಾರು ಓಡಿಸುತ್ತ ಹೊಲಿಯುತ್ತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು!

ಕಿಡಿ ಹಾರುತ್ತಿದ್ದದ್ದು ಆ ಮೋಟಾರಿನಲ್ಲೇ ಎಂದು ಅತ್ತಿಗೆ ನನಗಷ್ಟೇ ಹೇಳಿದಳು, ಅಮ್ಮನಿಗೆ ಹೇಳಲಿಲ್ಲ. ಮೋಟಾರಿಗೆ ಏನೇನೋ ಕಟ್ಟಿ ನೋಡಿದಳು, ಗದ್ದಲ ಅಡಗಲಿಲ್ಲ. ಬೇರೆ ಮೋಟಾರು ಆ ಹಳೇ ಮಿಷನ್ನಿಗೆ ಕೂರಲಿಲ್ಲ. ಅತ್ತ ಕೆಲಸ, ಇತ್ತ ಅತ್ತೆ. ಪಾಪ, ಅವಳಿಗೆ ಅನ್ನ ಸೇರುತ್ತಿರಲಿಲ್ಲ. ನನಗೇ ತಡೆಯದೆ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ.

ಅಮ್ಮ ಎದ್ದು ಪ್ಲಗ್ ಕಿತ್ತಳು. ಅರ್ಧ ಹೊಲಿದ ಅಂಗಿ ಮಡಚಿಟ್ಟಳು. "ನಂಗೂ ಸಾಕಾಗಿತ್ತು ಬಿಡೇ," ಎಂದಳು. ಶುದ್ಧ ಸುಳ್ಳು. ಆ ವಾರವೆಲ್ಲ ಅವಳು ಬರಿಗೈಯಲ್ಲಿ ಗೋಡೆ ನೋಡುತ್ತ ಕೂತಿದ್ದಳು.

ಒಂದು ಸಂಜೆ ಅತ್ತಿಗೆ ಕೆಲಸದಿಂದ ಬಂದವಳೇ ಮೋಟಾರು ಬಿಚ್ಚಿ, ಹಳೆಯ ಹಿಡಿಕೆ ಸಿಕ್ಕಿಸಿ, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಅತ್ತೇ, ಬಟ್ಟೆ ನೀವು ಹಿಡೀರಿ. ನಾನು ತಿರುಗಿಸ್ತೀನಿ."

"ನಿಂಗೆಲ್ಲಿ ಬರುತ್ತೆ? ದೆವ್ವ ಬಡಿದವಳ ಹಾಗೆ ತಿರುಗಿಸ್ಬೇಡ, ದಾರ ಕಿತ್ತೋಗುತ್ತೆ!" ಎಂದು ರೇಗುತ್ತಲೇ ಅಮ್ಮ ಬಟ್ಟೆ ಮುಂದಿಟ್ಟಳು. ಅವತ್ತು ದಾರ ಕಿತ್ತುಹೋದದ್ದಕ್ಕೆ ಲೆಕ್ಕವಿಲ್ಲ.

ಈಗ ದಿನಾ ಸಂಜೆ ಹೀಗೆಯೇ. ನಿನ್ನೆ ಅತ್ತಿಗೆ ಬರುವುದು ತಡವಾಯಿತು. ಅಮ್ಮ ಸೂಜಿಗೆ ದಾರ ಪೋಣಿಸಿಟ್ಟುಕೊಂಡು ಬಾಗಿಲು ಕಾಯುತ್ತಿದ್ದಳು. ಸೊಸೆ ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಇವತ್ತು ನಿನ್ನ ಮಳೆ ಸರಿಯಾಗಿ ಕೇಳಿಸ್ತೇನೇ?"