ಬೇವಿನ ಮರದ ಪೊಟರೆ

ಮರ ಕಡಿಸಲೇಬೇಕು ಎಂದು ನಾನು ಹಟ ಹಿಡಿದದ್ದು ಒಂದು ಪ್ಲಾಸ್ಟಿಕ್ ಸ್ಟೂಲಿನ ದೆಸೆಯಿಂದ.

ಕೆಂಪಾಪುರದ ನಮ್ಮ ಮನೆಯ ಹಿತ್ತಲಲ್ಲಿ ಹಳೆಯ ಬೇವಿನ ಮರವಿತ್ತು. ಅದರ ಪಕ್ಕದಲ್ಲೇ ಶೀಟು ಹೊದಿಸಿದ ಒಂದು ಸಣ್ಣ ಮನೆ. ಗಾರ್ಮೆಂಟ್ಸ್‌ಗೆ ಹೋಗುವ ಗದಗದ ಕಡೆಯ ಹೆಂಗಸು ಮತ್ತು ಏಳನೇ ಕ್ಲಾಸಿನ ಅವಳ ಮಗಳು ಅಲ್ಲಿ ಬಾಡಿಗೆಗಿದ್ದರು. ಸಂಜೆ ಹೊತ್ತು ಹುಡುಗಿ ಮರದಡಿ ಸ್ಟೂಲು ಹಾಕಿಕೊಂಡು ಓದುತ್ತಿದ್ದಳು. ಯುಗಾದಿ ಕಳೆದ ಮೇಲಿನ ಮೊದಲ ಮಳೆಗೆ ಅವಳು ಪುಸ್ತಕ ಎತ್ತಿಕೊಂಡು ಒಳಗೆ ಓಡಿದಳು. ಹಿಂದೆಯೇ ನನ್ನ ತೊಡೆ ಗಾತ್ರದ ಕೊಂಬೆಯೊಂದು ಮುರಿದು ಸ್ಟೂಲಿನ ಮೇಲೆ ಬಿತ್ತು. ಸ್ಟೂಲು ನಾಲ್ಕು ಚೂರಾಯಿತು.

ಬೆಳಿಗ್ಗೆ ಹೋಗಿ ಮರವನ್ನು ಸರಿಯಾಗಿ ನೋಡಿದೆ. ಕಾಂಡದ ಒಂದು ಜಾಗದಲ್ಲಿ ಸದಾ ಸಗಣಿ, ಅರಿಶಿನ ಮೆತ್ತಿರುತ್ತಿತ್ತು. ಅತ್ತೆಯ ಪೂಜೆ ಎಂದುಕೊಂಡು ನಾನು ಆ ಕಡೆ ಕಣ್ಣು ಹಾಯಿಸಿದವಳೇ ಅಲ್ಲ. ಕೊಂಬೆ ಬಿದ್ದ ಏಟಿಗೆ ಅದೆಲ್ಲ ಉದುರಿ, ಒಳಗೊಂದು ಪೊಟರೆ ಬಾಯಿ ತೆರೆದುಕೊಂಡಿತ್ತು. ಮರ ಪೂರ್ತಿ ಶೀಟಿನ ಕಡೆಗೆ ವಾಲಿತ್ತು. ಅವತ್ತಿನಿಂದ ಮೋಡ ಕಟ್ಟಿದ ಸಂಜೆಯೆಲ್ಲ ತಾಯಿ ಮಗಳು ನಮ್ಮ ಹಾಲಿಗೆ ಬಂದು ಮಲಗತೊಡಗಿದರು. ಅತ್ತೆ ಮೊದಲೇ ಚಾಪೆ ಹಾಸಿಟ್ಟಿರುತ್ತಿದ್ದರು. “ಮಳಿ ಬಂದ್ರ ಎದಿ ಡವಡವ ಅಂತೈತ್ರೀ ಅಕ್ಕಾರ,” ಎನ್ನುತ್ತಿದ್ದಳು ಆ ಹೆಂಗಸು.

“ಕೊಂಬೆ ಸವರಿದ್ರೆ ಸಾಲ್ದಾ?” ಎಂದರು ನಮ್ಮ ಯಜಮಾನರು.

“ಹಾಗಾದ್ರೆ ಇವತ್ತಿಂದ ನೀವು ಆ ಶೀಟಿನ ಕೆಳಗೆ ಮಲಕ್ಕೊಳ್ಳಿ,” ಎಂದೆ.

ಮರ ಕಡಿಯುವವನನ್ನು ಕೇಳಿದರೆ ಅವನದು ಇನ್ನೊಂದು ಬುದ್ಧಿವಾದ. “ಭಾನುವಾರ ಬೆಳಿಗ್ಗೆ ಬಂದು ಹೊಡ್ದಾಕ್ಬಿಡ್ತೀವಿ ಮೇಡಂ. ಯಾರಾದ್ರೂ ಕೇಳಿದ್ರೆ ಮಳೆಗೆ ಬಿತ್ತು ಅನ್ನಿ.”

“ಕದ್ದು ಕಡಿಯೋಕೆ ಅದೇನು ಪಕ್ಕದ ಮನೆಯವರ ಮರಾನಾ? ಪರ್ಮಿಷನ್ ತಗೊಂಡೇ ಕರೀತೀನಿ, ಅವಾಗ ಬನ್ನಿ,” ಎಂದು ಕಳಿಸಿದೆ. ಯುಗಾದಿಗೆ ಇಡೀ ಬೀದಿ ಬಂದು ಬೇವು ಕಿತ್ತುಕೊಂಡು ಹೋಗುತ್ತಿದ್ದ ಮರ ಅದು. ಅದನ್ನು ಕಡಿದು ಸುಳ್ಳು ಹೇಳುವ ಮುಖ ನನಗಿರಲಿಲ್ಲ.

ಪಾಲಿಕೆಯ ಅರಣ್ಯ ವಿಭಾಗದ ಕಚೇರಿಗೆ ಮೊದಲ ಸಲ ಹೋದಾಗ ಅಧಿಕಾರಿ ಯಾವುದೋ ಬೀದಿಯಲ್ಲಿ ಬಿದ್ದ ಮರ ನೋಡಲು ಹೋಗಿದ್ದರು. ಎರಡನೇ ಸಲ ಅರ್ಜಿ, ತೆರಿಗೆ ರಸೀದಿ, ಪೊಟರೆಯ ಫೋಟೋ ಎಲ್ಲವನ್ನೂ ಮುಂದಿಟ್ಟೆ. ಖಾತೆ ಅತ್ತೆಯ ಹೆಸರಲ್ಲಿದೆ, ಅವರ ಸಹಿ ಬೇಕು ಎಂದರು. ಮನೆಗೆ ಬಂದು ಕಾಗದವನ್ನು ಅತ್ತೆಯ ಮುಂದೆ ಹಿಡಿದೆ. ಎಪ್ಪತ್ತು ದಾಟಿದ ಅತ್ತೆ ಅದೇ ಊರಿನ ಹಳೇ ಮನೆತನದವರು, ಆ ಮರವನ್ನು ಅಮ್ಮನವರು ಎಂದೇ ಕರೆಯುವವರು. ದೊಡ್ಡ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ನಿಂತಿದ್ದೆ. ಅವರು ಕನ್ನಡಕ ಹುಡುಕಿಕೊಂಡು ಬಂದು ಸಹಿ ಹಾಕಿಕೊಟ್ಟರು. ಮೂರನೇ ಸಲ ಅರ್ಜಿ ಒಳಗೆ ಹೋಯಿತು. ಸೋಮವಾರ ಬಂದು ಮರ ನೋಡುತ್ತೇವೆ ಎಂದರು.

ಸೋಮವಾರ ಅಧಿಕಾರಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದವಳು ಅಲ್ಲೇ ನಿಂತುಬಿಟ್ಟೆ. ಮರಕ್ಕೆ ಬುಡದಿಂದ ಎದೆಯೆತ್ತರದವರೆಗೆ ಅರಿಶಿನ ಹಚ್ಚಿ, ಅಂಗೈಯಗಲ ಕುಂಕುಮ ಇಟ್ಟು, ಹಸಿರು ರವಿಕೆ ಕಣ ಸುತ್ತಲಾಗಿತ್ತು. ಬುಡದಲ್ಲಿ ಮೊಸರನ್ನದ ಎಡೆ. ಪೊಟರೆ ಇರಲೇ ಇಲ್ಲ. ಅದನ್ನು ಸಗಣಿಯಿಂದ ಮುಚ್ಚಿ, ನುಣ್ಣಗೆ ಸಾರಿಸಿ, ಮೇಲೊಂದು ರಂಗೋಲಿ ಎಳೆಯಲಾಗಿತ್ತು.

ಅಧಿಕಾರಿ ಫೋಟೋ ನೋಡಿದರು, ಮರ ನೋಡಿದರು. “ಇದೇ ಮರಾನಾ ಮೇಡಂ? ಫೋಟೋದಲ್ಲಿ ಪೊಟರೆ ಇದೆ, ಇಲ್ಲಿ ಇಲ್ವಲ್ಲ. ಪೂಜೆ ಬೇರೆ ಮಾಡ್ತಿದ್ದೀರ. ಇಂಥಾ ಮರಕ್ಕೆ ಪರ್ಮಿಷನ್ ಕೊಟ್ರೆ ನಾಳೆ ಜನ ನನ್ನ ಕೇಳ್ತಾರೆ.” ಕೊಂಬೆ ಸವರಲು ಮಾತ್ರ ಬರೆಯುತ್ತೇನೆ ಎಂದು ಪೆನ್ನು ತೆಗೆದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಏನ್ ಮಾಡಿಟ್ಟಿದ್ದೀರಿ ಅತ್ತೆ?” ಎಂದು ಹೊರಗಿನವರ ಮುಂದೆಯೇ ಕೂಗಾಡಿದೆ.

ಅತ್ತೆ ಗಾಬರಿಯಾಗಿದ್ದರು. “ಇವತ್ತೇ ಕಡೀತಾರಲ್ವಾ?” ಎಂದರು. ಅವರ ಕಾಲದಲ್ಲಿ ಮರ ನೋಡಲು ಬಂದವನ ಹೆಗಲ ಮೇಲೇ ಗರಗಸ ಇರುತ್ತಿತ್ತಂತೆ. ನೋಡಿ ಹೋಗುವುದಕ್ಕೇ ಒಬ್ಬರು ಬರುತ್ತಾರೆ ಎಂದು ಅವರಿಗೆ ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. “ಮುತ್ತೈದೇನ ಕಳ್ಸಾಗ ಮಡ್ಲು ತುಂಬಿ ಕಳ್ಸ್ತಾರೆ. ಗಾಯ ತೋರಿಸ್ಕೊಂಡು ಅಂಗೇ ಎಂಗೆ ಕಳ್ಸೋದು, ನೀನೇ ಏಳು.”

ನಾನು ಬಾಯಿ ತೆರೆಯುವುದರೊಳಗೆ ಅವರು ಬಚ್ಚಲಿನಿಂದ ಚೊಂಬು ನೀರು ತಂದರು. “ವಸಿ ನಿಂತ್ಕೊಳಿ ಸಾಮಿ.” ತಾವೇ ಎಳೆದ ರಂಗೋಲಿಯ ಮೇಲೆ ನೀರು ಸುರಿದು, ಸಗಣಿಯನ್ನು ಉಗುರಿನಿಂದ ಕೆರೆದು ಕಿತ್ತರು. ಬಳೆಗಳನ್ನು ಮೇಲಕ್ಕೆ ಸರಿಸಿ, ಪೊಟರೆಯೊಳಗೆ ಮೊಣಕೈವರೆಗೂ ತೋಳು ಹಾಕಿ ಒಂದು ಹಿಡಿ ಹೊರಗೆ ತೆಗೆದರು. ಕಾಫಿಪುಡಿಯಂತೆ ಉದುರುವ ಮರದ ಹೊಟ್ಟು. ಅದನ್ನು ಅಧಿಕಾರಿಯ ಮುಂದೆ ಹಿಡಿದರು.

“ಪೂಜೆ ಮಾಡ್ದೋಳು ನಾನೇ ಏಳ್ತಾ ಇವ್ನಿ. ಆ ಮಗೀನ ಮೇಲೆ ಬಿದ್ರೆ ಇದು ಅಮ್ಮನೋರು ಆಗಲ್ಲ ಸಾಮಿ, ಮಾರಿ ಆಯ್ತದೆ. ಬರ್ಕೊಳಿ.”

ಅಧಿಕಾರಿ ತಾವೂ ಪೊಟರೆಗೆ ಕೈ ಹಾಕಿ ನೋಡಿದರು. ಆಮೇಲೆ ಬರೆದುಕೊಂಡರು. ಎರಡು ಸಸಿ ನೆಟ್ಟು ಬೆಳೆಸಬೇಕೆಂಬ ಷರತ್ತಿನ ಮೇಲೆ, ಮುಂಗಾರಿಗೆ ಮೊದಲೇ ಪರ್ಮಿಷನ್ ಬಂತು.

ಕಾಂಡವನ್ನು ತುಂಡು ಮಾಡುವಾಗ ಪೊಟರೆಯ ತಳದಿಂದ ಕಲ್ಲಿನಂಥ ಹೆಂಟೆಗಳು ಉರುಳಿಬಿದ್ದವು. ಒಣಗಿದ ಸಗಣಿ, ಕೆಮ್ಮಣ್ಣು, ಪದರದ ಮೇಲೆ ಪದರ, ನಡುನಡುವೆ ಅರಿಶಿನದ ಗೆರೆ. ಒಂದು ವರ್ಷದ್ದಲ್ಲ, ಎರಡು ವರ್ಷದ್ದೂ ಅಲ್ಲ. ನಾನು ಅತ್ತೆಯ ಮುಖ ನೋಡಿದೆ.

“ವರ್ಸಾ ವರ್ಸಾ ಮಳೆಗ್ ಮುಂಚೆ ತುಂಬ್ತಿದ್ದೆ ಕಣವ್ವ. ಗುಣ ಆಯ್ತದೇನೋ ಅಂತ,” ಎಂದರು.

ಮರದ ಬಗ್ಗೆ ನನ್ನೊಬ್ಬಳಿಗೇ ಚಿಂತೆ ಎಂದುಕೊಂಡು ಎರಡು ತಿಂಗಳು ಮನೆಮಂದಿಯ ಮೇಲೆಲ್ಲ ಹಾರಾಡಿದ್ದೆ. ಅವತ್ತು ನನಗೆ ನಾಚಿಕೆಯಾಯಿತು.

ಮುಂದಿನ ವಾರ ಒಂದು ಸಂಜೆ ಗುಡುಗಿ ಮಳೆ ಹಿಡಿಯಿತು. ನಾನು ಅಭ್ಯಾಸಬಲದಿಂದ ಹಿತ್ತಲ ಬಾಗಿಲು ತೆಗೆದು ನಿಂತೆ. ಹಾಲಿನಲ್ಲಿ ಅತ್ತೆ ಆಗಲೇ ಚಾಪೆ ಹಾಸಿದ್ದರು. ಇಬ್ಬರೂ ಕಾದೆವು. ಯಾರೂ ಬರಲಿಲ್ಲ. ಶೀಟಿನ ಮನೆಯಲ್ಲಿ ದೀಪ ಉರಿಯುತ್ತಿತ್ತು, ಕಿಟಕಿಯ ಪಕ್ಕ ಹುಡುಗಿ ತಲೆ ಬಗ್ಗಿಸಿ ಓದುತ್ತಿದ್ದಳು.

“ಇನ್ನ ಬರಾಕಿಲ್ಲ ಬಿಡು,” ಎಂದು ಅತ್ತೆ ಚಾಪೆ ಸುತ್ತಿದರು. ಸುತ್ತಿದ ಚಾಪೆಯನ್ನು ತೊಡೆಯ ಮೇಲಿಟ್ಟುಕೊಂಡು, ಮರವಿಲ್ಲದ ಆ ಜಾಗವನ್ನು ನೋಡುತ್ತ ಅತ್ತರು.