ಅಕ್ಕೋರು ಕಲಿಸಿದ ಎಡಗೈ

ಮೊನ್ನೆ ರವಿವಾರ ಪೇಟೆಯ ಸಗಟು ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಂಗಡಿಯವ ಡಾಂಬರ ಗುಳಿಗೆಯ ದೊಡ್ಡ ಚೀಲ ಬಿಚ್ಚಿದ. ಅದೇ, ಹುಳ ಬೀಳದಿರಲೆಂದು ಬಟ್ಟೆಗಳ ನಡುವೆ ಇಡುತ್ತಾರಲ್ಲ, ಆ ಬಿಳಿ ಗುಳಿಗೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು. ಬೆಳಗಾವಿಯ ಅನಗೋಳದ ಓಣಿಯ ಆ ನಡುಮನೆ, ಗೋಡೆಗೊರಗಿಸಿದ ಕರಿ ಪಿಯಾನೋ, ಅದರ ಹೊಟ್ಟೆಯೊಳಗೆ ಅರಿವೆ ಗಂಟಿನಲ್ಲಿ ತೂಗುಬಿಟ್ಟ ಇದೇ ಗುಳಿಗೆಗಳು… ಮತ್ತು ನಮ್ಮ ಅಕ್ಕೋರು.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನನಗೆ ಪಿಯಾನೋ ಕಲಿಸಿದವರು ಇವರು. ಅವರ ತಂದೆ ಯಾವುದೋ ಬಂಗಲೆಯ ಹರಾಜಿನಲ್ಲಿ ಆ ಪಿಯಾನೋ ಹಿಡಿದು ತಂದಿದ್ದರಂತೆ. ಮದುವೆಯಾಗದ ಅಕ್ಕೋರಿಗೆ ಅದೇ ಸಂಸಾರ. ಬೆಳಗಾವಿಯ ಮಳೆಗೆ ಕಟ್ಟಿಗೆ ಉಬ್ಬಿ ಕೀಗಳು ಕಚ್ಚಿಕೊಳ್ಳುತ್ತವೆಂದು ಮಳೆಗಾಲ ಮುಗಿಯುವತನಕ ಅದರೊಳಗೆ ಸಣ್ಣ ಬಲ್ಬು ಹಚ್ಚಿಡುತ್ತಿದ್ದರು. ತಮ್ಮ ಹಾಸಿಗೆ ತಂಪು ಹಿಡಿದರೂ ಚಿಂತೆಯಿಲ್ಲ, ಪಿಯಾನೋ ಬೆಚ್ಚಗಿರಬೇಕು!

ನಾನು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವ, ಕುರಿ ಕಾಯುವ ಮನೆತನದವ. ಊರ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿ ನುಡಿಸಿ ನಾನೇ ದೊಡ್ಡ ಕಲಾವಿದನೆಂದು ತಿಳಿದಿದ್ದೆ. ಕಾಲೇಜಿಗೆಂದು ಬೆಳಗಾವಿಗೆ ಬಂದವನು ಪಿಯಾನೋ ಸದ್ದು ಕೇಳಿ ಅಕ್ಕೋರ ಬಾಗಿಲಲ್ಲಿ ನಿಂತೆ. ಒಳಗೆ ಕರೆದು ಕೂರಿಸಿ, ನುಡಿಸು ಎಂದರು. ಬಲಗೈ ಸೊಗಸಾಗಿಯೇ ಓಡಿತು. ಎಡಗೈ ಮಾತ್ರ ತಿದಿ ಹುಡುಕುತ್ತ ಪಿಯಾನೋದ ಮೈಯನ್ನು ಹಿಂದೆಮುಂದೆ ತಡವತೊಡಗಿತ್ತು. ಪೇಟಿಯವರ ಎಡಗೈಗೆ ಗಾಳಿ ಹಾಕುವುದೊಂದೇ ಗೊತ್ತು ನೋಡಿ. ಅಕ್ಕೋರು ಬಿದ್ದು ಬಿದ್ದು ನಕ್ಕರು.

“ತಮ್ಮಾ, ನಿನಗಿರೂದು ಒಂದ ಕೈ. ಇನ್ನೊಂದು ಬರೇ ಗಾಳಿ ಹಾಕೂ ಆಳು. ಬಲಗೈ ತೊಡಿ ಕೆಳಗ ಇಟ್ಕೊಂಡು ಕುಂದ್ರು!”

ಒಂದು ವರ್ಷ ಬಲಗೈ ತೊಡೆಯ ಕೆಳಗೇ ಇತ್ತು. ನಮ್ಮೂರ ಭಜನೆಯ ಪದಗಳನ್ನೆಲ್ಲ ಎಡಗೈ ಒಂದರಲ್ಲೇ ನುಡಿಸಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಕೀಗಳು ಬಿಗಿಯೆಂದು ಗೊಣಗುತ್ತಿದ್ದೆ. ಎಡಗೈಯಿಂದ ದೇವರ ಪದ ನುಡಿಸಬಹುದೇ ಎಂದು ಕೇಳಿದರೆ, ಸಂಗೀತಕ್ಕೆ ಆ ಮಡಿಯಿಲ್ಲವೆಂದು ಗದರುತ್ತಿದ್ದರು. ಒತ್ತುವುದು ಎಲ್ಲರಿಗೂ ಬರುತ್ತದೆ, ಬೆರಳು ಎತ್ತುವುದನ್ನು ಕಲಿ ಎನ್ನುತ್ತಿದ್ದರು. ಪೇಟಿಯ ಸ್ವರ ಗಾಳಿ ಇರುವತನಕ ಬದುಕಿರುತ್ತದೆ. ಪಿಯಾನೋದ ಸ್ವರ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ, ಅದಕ್ಕೇ ಕಿವಿಗೊಟ್ಟು ಕೂರಬೇಕು… ಹೀಗೆ ಏನೇನೋ.

ತಪ್ಪಿಲ್ಲದೆ ನುಡಿಸಿದ ದಿನ ಬಹುಮಾನವಿತ್ತು. ಬೆಂಚಿನ ಎಡಕ್ಕೆ ಅವರು, ಬಲಕ್ಕೆ ನಾನು. ಅವರು ಎಡಗೈಯ ಪಾಠ ನುಡಿಸುವುದು, ನಾನು ಬಲಗೈಯದು. ಅಂಥ ಖುಷಿ ನನಗೆ ಆಮೇಲೆ ಎಲ್ಲಿಯೂ ಸಿಗಲಿಲ್ಲ.

ಮುಂದೆ ನಾನು ಖಾನಾಪುರದಲ್ಲಿ ಕೀಬೋರ್ಡ್ ಕ್ಲಾಸು ತೆರೆದೆ. ಈ ಯಂತ್ರಗಳಲ್ಲೊಂದು ಗುಂಡಿ ಇರುತ್ತದೆ. ಅದನ್ನು ಹಾಕಿ ಎಡಗೈಯ ಒಂದು ಬೆರಳಿಟ್ಟರೆ ಸಾಕು, ತಾಳ, ಮೇಳ ಎಲ್ಲ ತಾನೇ ಬಾರಿಸುತ್ತದೆ. ಮೂರು ತಿಂಗಳಿಗೆ ಮಕ್ಕಳು ವೇದಿಕೆ ಹತ್ತಿದರು. ಹೆಮ್ಮೆಯಿಂದ ಅಕ್ಕೋರನ್ನು ಕರೆಸಿದೆ. ಕಾರ್ಯಕ್ರಮ ಮುಗಿದ ಮೇಲೆ ತಂದೆತಾಯಿಗಳೆಲ್ಲ ಸುತ್ತ ನಿಂತಿರುವಾಗಲೇ ಅಕ್ಕೋರು ಕೇಳಿದರು:

“ಎಲ್ಲಾ ಖರೇ. ಈ ಹುಡುಗರ ಎಡಗೈ ಎಲ್ಲೈತೋ?”

ನನಗೆ ಉರಿದುಹೋಯಿತು.

“ಅಕ್ಕೋರ, ನಿಮ್ಮ ಕಾಲ ಮುಗೀತ್ರಿ. ವರ್ಷಗಟ್ಟಲೆ ಒಂದ ಕೈ ಹಿಡ್ಕೊಂಡು ಕುಂತ್ರ ಯಾರ ಕಲೀತಾರ?”

ಅವರು ಸೆರಗು ಹೊದ್ದುಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ನಾನು ಬಿಟ್ಟುಬರಲೂ ಹೋಗಲಿಲ್ಲ. ಎಂಥ ಸೊಕ್ಕು ನನ್ನದು!

ಒಂದೂವರೆ ವರ್ಷ ಹೀಗೇ ಕಳೆಯಿತು. ಒಂದು ದಿನ ಅವರ ಬಾಜು ಮನೆಯ ಹೆಣ್ಣುಮಗಳು ಫೋನು ಮಾಡಿ, ಅಕ್ಕೋರು ಒಮ್ಮೆ ಬಂದು ಹೋಗೆಂದಿದ್ದಾರೆ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೈಯಲಿಕ್ಕೇ ಕರೆಯುತ್ತಿದ್ದಾರೆಂದು ನಾನೇ ತೀರ್ಮಾನಿಸಿದೆ. ಮುಂದಿನ ವಾರ ಎಂದೆ. ಎರಡನೆಯ ಸಲ ಮಕ್ಕಳ ಪರೀಕ್ಷೆ ಎಂದೆ. ಮೂರನೆಯ ಸಲ ಏನು ನೆವ ಹೇಳಿದೆನೋ… ಅದೂ ನೆನಪಿಲ್ಲ. ನಾಲ್ಕನೆಯ ಫೋನು ಬಂದಾಗ ಅಕ್ಕೋರು ಹೋಗಿಬಿಟ್ಟಿದ್ದರು.

ಅಕ್ಕೋರ ಮಣ್ಣು ಮುಗಿಸಿ ಬಂದು ಅದೇ ನಡುಮನೆಯಲ್ಲಿ ಕುಳಿತಾಗ ಆ ಹೆಣ್ಣುಮಗಳು ಹೇಳಿದಳು.

“ಅವರಿಗೆ ಲಕ್ವಾ ಹೊಡದು ಬಲಗೈ ಬಿದ್ದುಹೋಗಿತ್ರಿ. ರವಿವಾರಕ್ಕೊಮ್ಮೆ ನಾನ ಹಿಡ್ಕೊಂಡು ಬಂದು ಈ ಬೆಂಚಿನ ಮ್ಯಾಲ ಕುಂದರಸ್ತಿದ್ದೆ. ಎಡಗಡೆ ತುದೀಗೆ ಕುಂತು ಎಡಗೈಲೆ ನುಡಸ್ತಿದ್ರು. ಬೀಳ್ತೀರಿ, ನಡುವ ಕುಂದರ್ರಿ ಅಂದ್ರ, ಬ್ಯಾಡ, ಆ ಕಡೆ ಅಂವಾ ಕುಂದರಬೇಕು ಅಂತಿದ್ರು.”

“ಫೋನಿನ್ಯಾಗ ಇದೆಲ್ಲಾ ಯಾಕ ಹೇಳಲಿಲ್ರಿ?” ಎಂದು ಕೇಳಿದೆ.

“ಹೇಳಬ್ಯಾಡ ಅಂದಿದ್ರಿ. ಕನಿಕರಕ್ಕ ಬರೂದು ಬ್ಯಾಡ, ನುಡಸಾಕ ಬರಲಿ ಅಂದ್ರು.”

ಎಷ್ಟು ಅತ್ತೆನೋ ಗೊತ್ತಿಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎಂದು ಜನ ಹೇಳುತ್ತಾರೆ. ಹೇಳುವವರಿಗೇನು?

ಈಗ ನನ್ನ ಕ್ಲಾಸಿನಲ್ಲಿ ಆ ಗುಂಡಿಯನ್ನು ಯಾರೂ ಮುಟ್ಟುವಂತಿಲ್ಲ. ಅರ್ಧಕ್ಕರ್ಧ ಮಕ್ಕಳು ಬಿಟ್ಟುಹೋದರು. ಉಳಿದವರು ಬಲಗೈ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾರೆ. ನೋಡಿದವರು ಒಳ್ಳೆಯ ಮೇಷ್ಟ್ರು ಎನ್ನುತ್ತಾರೆ. ಹಾಗೆಂದಾಗ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ. ಖಾನಾಪುರದಿಂದ ಅನಗೋಳಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸಿನ ದಾರಿ. ಅವರು ಮೂರು ಸಲ ಕರೆದರು. ನಾನು ಹೋಗಲಿಲ್ಲ.